ಅರ್ಧ ಮೊಳ ಮಲ್ಲಿಗೆ

"ಈಗಿನ ಕಾನೂನಲ್ಲಿ ನಿಮ್ಮಿಬ್ಬರ ಮದುವೆ ರಿಜಿಸ್ಟರ್ ಆಗಲ್ಲಮ್ಮ," ಎಂದರು ವಕೀಲೆ ಶಾಂತಕುಮಾರಿ. "ಪಾರ್ಲಿಮೆಂಟ್ ನೋಡ್ಕೊಳ್ಳಲಿ ಅಂತ ಕೋರ್ಟೇ ಬಿಟ್ಟಿದೆ."

ಇಂದಿರಾನಗರದ ಆ ಆಫೀಸಿನ ಮೆಟ್ಟಿಲನ್ನು ಹಂಸ ತಲೆ ತಗ್ಗಿಸಿ ಇಳಿಯುತ್ತಿದ್ದಳು. ಎರಡು ಮೆಟ್ಟಿಲು ಮುಂದಿದ್ದ ಪ್ರಿಯದರ್ಶಿನಿ ತಿರುಗಿ, ಒಂದು ಹುಬ್ಬೇರಿಸಿ, ಅವಳು ನಗುವವರೆಗೂ ನೋಡುತ್ತ ನಿಂತಳು.

"ಮದುವೆ ಇಲ್ಲ ಅಂದ್ರೆ ಡೈವೋರ್ಸೂ ಇಲ್ಲ. ಸಿಕ್ಕಾಕ್ಕೊಂಡೆ ಮಗಾ ನೀನು."

ಅಲ್ಲಿಂದ ನೇರ ರಸೆಲ್ ಮಾರುಕಟ್ಟೆ. ಒಂದು ಮೊಳ ಮಲ್ಲಿಗೆ.

"ಇಬ್ಬರಿಗೂ ಸೇರಿ ಒಂದೇ ಮೊಳಾನಾ?" ಹೂವಿನ ನೂರ್ಜಹಾನ್ ಅಣಕಿಸಿದಳು.

ಪ್ರಿಯದರ್ಶಿನಿ ಮಾಲೆಯ ನಡುವಿನ ದಾರವನ್ನು ಹಲ್ಲಿನಿಂದ ಕಡಿದು, ಅರ್ಧ ಹಂಸಳಿಗೆ ಮುಡಿಸಿ, ಅರ್ಧ ತಾನು ಮುಡಿದಳು. "ಆಯ್ತಲ್ಲ ಮದುವೆ," ಎಂದಳು. ಅಂದಿನಿಂದ ಪ್ರತಿ ಶುಕ್ರವಾರವೂ ಹಾಗೆಯೇ.

ಒಂದೂವರೆ ವರ್ಷದ ನಂತರ, ಮಾರತ್ತಹಳ್ಳಿಯ ರಸ್ತೆಯಲ್ಲಿ, ಪ್ರಿಯದರ್ಶಿನಿಯ ಸ್ಕೂಟರಿಗೆ ಲಾರಿ ಬಡಿಯಿತು.

ಆಸ್ಪತ್ರೆಯಲ್ಲಿ "ನೀವೇನಾಗ್ಬೇಕು?" ಎಂದರು. "ರೂಮ್‌ಮೇಟ್," ಎಂದಳು ಹಂಸ. ಪ್ರಿಯದರ್ಶಿನಿಯ ಅಣ್ಣ ಈರೇಶ ಬಂದು ಸಹಿ ಹಾಕಿ ದೇಹ ಒಯ್ದ. ರೂಮ್‌ಮೇಟ್ ಸತ್ತರೆ ಆಫೀಸಿನಲ್ಲಿ ರಜೆಯಿಲ್ಲ. ಮೂರನೆಯ ದಿನ ಹಂಸ ಕೆಲಸಕ್ಕೆ ಹೋದಳು. ಅಳು ಬರಲಿಲ್ಲ. ಹಸಿವೂ ಆಗಲಿಲ್ಲ.

ಹನ್ನೊಂದನೆಯ ದಿನದ ಕಾರ್ಯ ಕೆ.ಆರ್. ಪುರದಲ್ಲಿ, ಪ್ರಿಯದರ್ಶಿನಿಯ ತಾಯಿ ಅಮೃತಮ್ಮನ ಬಾಡಿಗೆ ಮನೆಯಲ್ಲಿ. ಊಟ ಮುಗಿಸಿ ಹೊರಟ ಹೆಂಗಸರಿಗೆಲ್ಲ ಅಮೃತಮ್ಮ ಹೂ ಕೊಡುತ್ತಿದ್ದರು. ಹಂಸಳ ಸರದಿ ಬಂತು.

"ನಂಗೆ ಬೇಡಮ್ಮ."

"ಯಾಕವಾ? ಲಗ್ನ ಆಗದ ಹುಡುಗಿ ನೀ. ಬ್ಯಾಡ ಅನಬಾರ್ದು."

ಹಂಸ ನೆಲ ನೋಡಿದಳು. ರೂಮ್‌ಮೇಟ್ ಎಂಬ ಮಾತು ಇನ್ನೊಮ್ಮೆ ಬಾಯಿಗೆ ಬರಲಿಲ್ಲ.

"ಆಗಿತ್ತಮ್ಮ. ಪ್ರಿಯಾ ಜೊತೆ. ಕಾಗದ ಕೊಡ್ಲಿಲ್ಲ ಅಷ್ಟೆ. ಈಗ ನಾನು ಹೂ ಮುಡೀಬೇಕೋ ಬಿಡಬೇಕೋ, ಹೇಳೋಕೂ ಯಾರೂ ಇಲ್ಲ."

ಬಾಗಿಲಲ್ಲಿ ಚಪ್ಪಲಿ ಹುಡುಕುತ್ತಿದ್ದ ಈರೇಶ ಹಾಗೆಯೇ ನಿಂತ. ಅಮೃತಮ್ಮ ಗೋಡೆಯ ಮೇಲಿನ ಮಗಳ ಫೋಟೋ ನೋಡಿದರು.

"ಅಕಿ ಇಲ್ಲಿಗೆ ಬಂದಾಗ ಹೂ ಕೊಟ್ರ, ಅರ್ಧಾ ಮುಡ್ಕೊಂಡು ಅರ್ಧಾ ಎಲಿಯಾಗ ಕಟ್ಕೊಂಡು ಹೋಗ್ತಿದ್ಲು. ಯಾರಿಗೆ ಅಂತ ಕೇಳಿದ್ರ ಬರೇ ನಗೋಳು."

ಅವರು ಮಾಲೆಯ ದಾರವನ್ನು ಹಲ್ಲಿನಿಂದ ಕಡಿದರು, ಮಗಳ ಹಾಗೆಯೇ. ಅರ್ಧ ಫೋಟೋಗೆ ಏರಿಸಿದರು.

"ತಿರುಗು," ಎಂದರು.

ಹಂಸ ತಿರುಗಿದಳು. ಕುತ್ತಿಗೆಗೆ ಹೂ ತಾಕಿತು. ತಣ್ಣಗಿತ್ತು. ಹನ್ನೊಂದು ದಿನಗಳಲ್ಲಿ ಅವಳ ಮೈಗೆ ತಿಳಿದ ಮೊದಲ ಸಂಗತಿ ಅದು.