ಪೆನ್‌ಡ್ರೈವಿಗೂ ಹೆಸರು

"ನಾ ಏನೂ ಮಾಡಿಲ್ರಿ ಸರ್. ಬರೇ ಕರೀ ಸ್ಕ್ರೀನ್ ಬರ್ಲಾಕತ್ತದ. ಬೂಟ್ ಮಾಡೋ ಡಿವೈಸ್ ಇಲ್ಲಂತ ಬರದದ," ಎಂದು ಕೌಸಲ್ಯಾ ಫೋನಿನಲ್ಲಿ ಹೇಳಿದಳು.

ಭಾಲ್ಕಿಯಲ್ಲಿ ಊಟಕ್ಕೆ ಕೂತಿದ್ದ ಗೋರಖನಾಥ ಸರ್, "ಪೆನ್‌ಡ್ರೈವ್ ತೆಗದು ಮತ್ತ ಹಚ್ಚು," ಎಂದರು. ಹಚ್ಚಿದಳು. ಮತ್ತೆ ಅದೇ ಕರಿ ಮೋರೆ.

ಅದು ಶಾಲೆಯ ಹಳೇ ಲ್ಯಾಪ್‌ಟಾಪ್. ಒಳಗೆ ಅದನ್ನು ನಡೆಸುವ ಯಾವ ಸಾಫ್ಟ್‌ವೇರೂ ಇರಲಿಲ್ಲ. "ಲಿನಕ್ಸ್ ಹಾಕ್ಕೋ. ಅದಕ್ಕ ಯಾರ ಪರವಾನಗಿನೂ ಬ್ಯಾಡ," ಎಂದು ಸರ್ ನಿನ್ನೆ ಪೆನ್‌ಡ್ರೈವ್ ಕೊಟ್ಟಿದ್ದರು.

ಇವತ್ತು ನಾಲ್ಕಕ್ಕೆ ಪುಣೆಯಿಂದ ಅವ್ವನ ವಿಡಿಯೋ ಕಾಲ್ ಬರಬೇಕು. ಬಾವಿ ಬತ್ತಿದ ಮೇಲೆ ಅವ್ವ, ಅಪ್ಪ, ಪುಟ್ಟ ತಮ್ಮ ಪಂಢರಿ ಅಲ್ಲಿಗೆ ಕಟ್ಟಡದ ಕೆಲಸಕ್ಕೆ ಹೋಗಿ ಐದು ತಿಂಗಳಾಗಿತ್ತು. ಪಂಢರಿ ಈಗ ನಡೆಯುತ್ತಾನಂತೆ. ಅವ್ವ ಯಾರದೋ ಫೋನು ಕೇಳಿ ಇಟ್ಟುಕೊಂಡಿದ್ದಳು. ಇವತ್ತು ತಪ್ಪಿದರೆ ಮತ್ತೆ ಯಾವಾಗಲೋ ಏನೋ.

ಇಲ್ಲಿ ಖಟಕ ಚಿಂಚೋಳಿಯಲ್ಲಿ ಕೌಸಲ್ಯಾಳ ಹತ್ತಿರ ಇದ್ದದ್ದು ಪಕ್ಕದ ಮನೆಯ ಲಾಲ ಅಹ್ಮದ ಚಾಚಾನ ಫೋನು. ಅದರ ಕ್ಯಾಮೆರಾ ಕೆಟ್ಟಿತ್ತು, ಪರದೆ ಅರ್ಧ ಕಪ್ಪಾಗಿತ್ತು. ಮಾತಿಗೆ, ನೆಟ್ಟಿಗೆ ಮಾತ್ರ ಅಡ್ಡಿಯಿರಲಿಲ್ಲ.

ಅಜ್ಜಿ ಶೇವಂತಾಬಾಯಿ ಆಗಲೇ ಹೊಸ ಸೀರೆ ಉಟ್ಟು ಕೂತಿದ್ದಳು. "ಪಾಪ, ಅದಕ್ಕ ಬಿಸಲ ಹತ್ತಿರಬೇಕು," ಎಂದು ಲ್ಯಾಪ್‌ಟಾಪಿಗೆ ಸೆರಗಿನಿಂದ ಗಾಳಿ ಬೀಸಿದಳು.

"ಖರೇ ಹೇಳು," ಎಂದರು ಸರ್. "ನಿನ್ನಿ ಸಾಲಿ ಕಂಪ್ಯೂಟರಿಗಿ ಪೆನ್‌ಡ್ರೈವ್ ಹಚ್ಚಿ ಏನ ಮಾಡ್ದಿ?"

"ಹೆಸರ ಬರದೇನ್ರಿ."

"ಯಾರ ಹೆಸರು?"

"ನಂದೇ ರಿ. ಒಳಗ ಬೂಟ್ ಅಂತ ಒಂದು ಫೋಲ್ಡರ್ ಇತ್ತು. ಆ ಹೆಸರ ಅಳಿಸಿ ಕೌಸಲ್ಯಾ ಅಂತ ಹಾಕೀನಿ. ಟ್ಯಾಂಕರ್ ಬಂದಾಗ ಕೊಡದ ಮ್ಯಾಲ ಹೆಸರಿಲ್ಲಂದ್ರ ಮಂದಿ ಒಯ್ತಾರಲ್ರಿ."

"ಬರೋಬರಿ ಮಾಡ್ಯಾಳ," ಎಂದಳು ಅಜ್ಜಿ. "ಹ್ವಾದ ವಾರ ಒಯ್ದ ಕೊಡ ಇನ್ನಾ ಕೊಟ್ಟಿಲ್ಲ."

ಸರ್‌ಗೆ ರೊಟ್ಟಿ ನೆತ್ತಿಗೇರಿತು. ಕೆಮ್ಮಿ, ನಕ್ಕು, ನೀರು ಕುಡಿದು ಹೇಳಿದರು: "ಅದು ಬೂಟ್ ಅನ್ನೋ ಫೋಲ್ಡರನ್ನೇ ಹುಡುಕ್ತದ. ನಿನ್ನ ಗುರ್ತು ಅದಕ್ಕೆಲ್ಲಿ ಅದ? ಆನ್ ಮಾಡಿದ ಕೂಡ್ಲೇ ಎಫ್ ಒಂಬತ್ತು ಕೀ ಒತ್ತು. ಫೈಲ್ ನೀನೇ ಆರಿಸು ಅಂತ ಕೇಳ್ತದ. ನಿನ್ನ ಫೋಲ್ಡರಿನ್ಯಾಗ ಹೋಗಿ ಬೂಟ್ ಫೈಲ್ ತೋರಸು."

ಎರಡು ಸಲ ಒತ್ತುವುದು ತಡವಾಯಿತು. ಮೂರನೇ ಸಲ ಪಟ್ಟಿ ಬಂತು. ತನ್ನ ಹೆಸರೊಳಗೆ ಹೋಗಿ ಫೈಲನ್ನು ಆರಿಸಿದಳು. ಪರದೆಗೆ ಬಣ್ಣ ಬಂತು.

"ನನ್ನ ಗಾಳಿಗೇ ಎದ್ದದ ನೋಡು," ಎಂದಳು ಅಜ್ಜಿ.

ನಾಲ್ಕಕ್ಕೆ ಹತ್ತು ನಿಮಿಷ ಇರುವಾಗ ಇನ್‌ಸ್ಟಾಲ್ ಮುಗಿಯಿತು. ಚಾಚಾನ ಫೋನಿನ ನೆಟ್ಟನ್ನು ಲ್ಯಾಪ್‌ಟಾಪಿಗೆ ಕೂಡಿಸಿದಳು. ಕಾಲ್ ಬಂತು. ಪಂಢರಿ ಮೂರು ಹೆಜ್ಜೆ ಇಟ್ಟು ಧೊಪ್ಪನೆ ಕೂತ. ಅಜ್ಜಿ ಹಲ್ಲಿಲ್ಲದ ಬಾಯಿ ತೆರೆದು ನಕ್ಕಳು.

"ನಾವಿಲ್ಲಿ ಆರಾಮ ಇದ್ದೀವಿ," ಎಂದು ಅವ್ವ ಅವನನ್ನು ಎತ್ತಿಕೊಂಡಳು. ಆಗ ಕೌಸಲ್ಯಾಗೆ ಅವಳ ಎಡಗೈ ಕಂಡಿತು. ಮುಂಗೈ ತನಕ ಬಟ್ಟೆ ಸುತ್ತಿತ್ತು. ಅವ್ವ ಕೈಯನ್ನು ಗಡಬಡಿಸಿ ಸೆರಗಿನೊಳಗೆ ಸರಿಸಿದಳು.

ಕೌಸಲ್ಯಾ ಅಜ್ಜಿಯ ಕಡೆ ನೋಡಿದಳು. ಅಜ್ಜಿ ಇನ್ನೂ ಪಂಢರಿಯನ್ನೇ ನೋಡುತ್ತಿದ್ದಳು.

"ಅವ್ವಾ, ನಾ ನಿನ್ನಿ ಎಂಥಾ ಹುಚ್ಚತನ ಮಾಡೀನಿ ಗೊತ್ತೇನು?" ಎಂದು ಕೌಸಲ್ಯಾ ಶುರುಮಾಡಿದಳು. ಆಗಿದ್ದನ್ನೆಲ್ಲ ಹೇಳಿದಳು. ಆಗದೇ ಇದ್ದದ್ದನ್ನೂ ಸೇರಿಸಿದಳು. ಅವ್ವ ನಕ್ಕು ನಕ್ಕು ಬಲಗೈಯಿಂದ ಕಣ್ಣು ಒರೆಸಿಕೊಂಡಳು.

ಅವಳ ನಗು ನಿಲ್ಲುತ್ತಾ ಬಂದಾಗ ಕೌಸಲ್ಯಾ ಇನ್ನೊಂದು ಸುಳ್ಳು ಸೇರಿಸಿದಳು.