ತಟ್ಟೆ ಇಳಿಸುವಾಗಿನ ಸಾಲು

ಅಮ್ಮ ಆರತಿ ಎತ್ತುವಾಗ ಹಾಡುತ್ತಿದ್ದ ಹಾಡನ್ನು, ಗೆಳೆಯನೆಂದು ನಂಬಿ ರೋಡೆಲ್‌ಗೆ ಕಲಿಸಿದ್ದೆ. ಅವನು ಡೇಲಿ ಸಿಟಿಯ ಫಿಲಿಪಿನೊ ರಾಕ್ ಗಿಟಾರಿಸ್ಟ್. ಆ ಧಾಟಿಯಿಂದಲೇ ಹೆಸರು ಮಾಡಿದ. ಕೇಳಿದವರಿಗೆಲ್ಲ ಅದು ತನ್ನಜ್ಜಿಯ ಹಾಡು ಎಂದ. ಕೊನೆಯ ಸಾಲೊಂದನ್ನು ಮಾತ್ರ ನಾನು ಕೊಟ್ಟಿರಲಿಲ್ಲ. ಅದನ್ನು ತಟ್ಟೆ ಕೆಳಗಿಡುವಾಗಷ್ಟೇ ಹಾಡಬೇಕೆಂದು ಅಮ್ಮ ಕಟ್ಟಪ್ಪಣೆ ಮಾಡಿದ್ದಳು.

ಅವನು ಸತ್ತ ಒಂಬತ್ತನೆಯ ದಿನದ ಪ್ರಾರ್ಥನೆಗೆ ನನ್ನ ಹೆಂಡತಿ ಹರಿಪ್ರಿಯಾ ನನ್ನನ್ನು ಅವನ ಮನೆಗೆ ಬಲವಂತದಿಂದ ಕರೆದೊಯ್ದಳು. ಮಟಮಟ ಮಧ್ಯಾಹ್ನ. ಬಿಸಿಲು ಬೀಳುವ ಗೋಡೆಗೆ ನೇತುಹಾಕಿದ್ದ ಅವನ ಗಿಟಾರು, ಫ್ರಿಜ್ಜಿನಿಂದ ತೆಗೆದ ಪಾತ್ರೆಯಂತೆ ಬೆವರಿತ್ತು. ಉರಿಯುತ್ತಿದ್ದದ್ದು ಮೇಣದಬತ್ತಿಗಳು, ಬರುತ್ತಿದ್ದದ್ದು ಕರ್ಪೂರದ ವಾಸನೆ.

ಅವರ ಪದ್ಧತಿಯಂತೆ, ರೋಡೆಲ್‌ನ ಹೆಂಡತಿ ಮಾರಿಸೆಲ್ ಸತ್ತವನ ಪಾಲಿನ ಅನ್ನದ ತಟ್ಟೆಯನ್ನು ಫೋಟೋ ಮುಂದೆ ಇಳಿಸಿದಳು. ಯಾರೂ ಮುಟ್ಟದೆ ಗಿಟಾರು ಅದೇ ಧಾಟಿಯನ್ನು ನುಡಿಯತೊಡಗಿತು. ಅವನ ರೆಕಾರ್ಡು ನಿಲ್ಲುವ ಜಾಗ ದಾಟಿ ಮುಂದಕ್ಕೆ ಹೋಯಿತು.

"ರೀ, ಇದು ನೀವು ಗುನುಗೋ ಅತ್ತೆ ಹಾಡು. ಆದ್ರೆ ಈ ಲೈನು ನಾನು ಕೇಳೇ ಇಲ್ವಲ್ಲ," ಎಂದಳು ಹರಿಪ್ರಿಯಾ.

ಕೇಳಿರಲು ಸಾಧ್ಯವೇ ಇರಲಿಲ್ಲ. ಅಮ್ಮ ಹೋದ ಮೇಲೆ ಆ ಸಾಲು ನನ್ನ ಬಾಯಿಂದ ಬಂದಿಲ್ಲ. ಅವನಿಗೆ ಕದಿಯಲು ಉಳಿದಿದ್ದದ್ದು ಅದೊಂದೇ. ಅಮ್ಮ ಉಬ್ಬಸದಿಂದ ತಡೆದು ನಿಲ್ಲುತ್ತಿದ್ದ ಜಾಗದಲ್ಲೇ ಗಿಟಾರೂ ತಡೆದು, ಉಸಿರೆಳೆದುಕೊಂಡು, ಸಾಲು ಮುಗಿಸಿತು.