ಸಾವಿರದ ಮುನ್ನೂರು ಮೈಲಿ, ಎರಡು ಹಗಲು

ಏಳು ಬೆಟ್ಟದಾಚೆ ಒಬ್ಬ ರಕ್ಕಸನಿದ್ದನಂತೆ. ಗಾಳಿಯ ಮೆಟ್ಟು ಮೆಟ್ಟಿ ಒಂದೇ ಹಗಲಲ್ಲಿ ಲೋಕದ ತುದಿ ಮುಟ್ಟುತ್ತಿದ್ದನಂತೆ. ಎಷ್ಟು ದೂರ ಹಾರಿದರೂ ನೀರು ಕುಡಿಯಲು ಯಾರದಾದರೂ ಬಾಗಿಲಿಗೆ ಇಳಿಯಲೇಬೇಕಿತ್ತಂತೆ... ಇದು ಹೆತ್ತೆ ಹೇಳುತ್ತಿದ್ದ ಕತೆ. ನಮ್ಮ ಹಟ್ಟಿಯಲ್ಲಿ ಅಜ್ಜಿಯನ್ನು ಕರೆಯುವುದೇ ಹೆತ್ತೆ ಅಂತ.

ನನ್ನ ರಕ್ಕಸನ ಕೈಯಲ್ಲಿ ರಿವಾಲ್ವರ್ ಇತ್ತು. ಅದರ ಮೂತಿ ನನ್ನ ಪಕ್ಕೆಯಲ್ಲಿ!

"ದಾರಿ ಹೇಳು!"

"ಎಡಕ್ಕೆ ದೊರೆ... ಇನ್ನೂ ಎಡಕ್ಕೆ..."

ಮಂಜು. ಮಧ್ಯಾಹ್ನ ಮೂರಕ್ಕೇ ಕಾರಿನ ಮೂಗು ಕಾಣದಷ್ಟು ಮಂಜು.

ಒಂದೇ ಕೈಯಲ್ಲಿ ಸ್ಟೀರಿಂಗ್ ತಿರುಗಿಸುತ್ತಿದ್ದವನು ಧರ್ಮಲಿಂಗಂ. ಎಸ್ಟೇಟಿಗೆ ಜಮೀನು ಹಿಡಿದುಕೊಡುವ ಏಜೆಂಟ್. ನಾನೋ... ಕಳೆದ ಕುದುರೆ, ಓಡಿಹೋದ ಗಂಡ, ಊಟಿಯಲ್ಲಿ ಏನು ಬೇಕಾದರೂ ಹುಡುಕಿಕೊಡುವವಳು. ಈ ಮಂಜಲ್ಲಿ ಘಾಟಿ ಇಳಿಸೋಳು ಇವಳೊಬ್ಬಳೇ ಅಂತ ಯಾರೋ ಅವನಿಗೆ ಹೇಳಿದ್ದರು.

ಯಾರೋ ಅಲ್ಲ. ನಾನೇ ಹೇಳಿಸಿದ್ದೆ.

"ಏಳಕ್ಕೆ ಮೆಟ್ಟುಪಾಳ್ಯದಲ್ಲಿ ರೈಲು. ಬೆಳಗ್ಗೆ ಮದ್ರಾಸು. ಅಲ್ಲಿಂದ ಟಪಾಲು ವಿಮಾನ! ಕರಾಚಿಗೆ ಸಾವಿರದ ಮುನ್ನೂರು ಮೈಲಿ. ರೈಲಿಗೆ ನಾಲ್ಕು ದಿನ, ನನಗೆ ಎರಡೇ ಹಗಲು! ಬುಧವಾರ ನಮ್ಮ ಎಸ್ಟೇಟ್ ದೊರೆ ಅಲ್ಲಿ ಹಡಗು ಹತ್ತೋದರೊಳಗೆ ಈ ಪತ್ರ ಅವನ ಕೈಲಿರಬೇಕು."

"ಯಾವ ಪತ್ರ ದೊರೆ?"

ಕೋಟಿನ ಎದೆ ತಟ್ಟಿಕೊಂಡ. "ಹಾಲನ್ ಅಂತ ಒಬ್ಬ ಮುದುಕ. ಜಮೀನು ಕೊಡಲ್ಲ, ಹೆಬ್ಬೆಟ್ಟು ಒತ್ತಲ್ಲ ಅಂದ. ಬಂಡೆಯಿಂದ ತಳ್ಳಿದೆ. ಕೆಳಗಿಳಿದು ಕೈ ಹಿಡಿದೆ... ತಕರಾರೇ ಇಲ್ಲ, ಒತ್ತಿಬಿಟ್ಟ!"

ಅವನು ನಕ್ಕ. ನಾನೂ ನಕ್ಕೆ.

ಹಾಲನ್ ನನ್ನ ಅಜ್ಜ.

"ಹೆಣ ಹಟ್ಟಿ ಬಿಡೋದರೊಳಗೆ ಅವನನ್ನ ತಾ," ಅಂದಿದ್ದಳು ಹೆತ್ತೆ. ತರ್ತೀನಿ ಅಂದಿದ್ದೆ.

"ಏಯ್ ಹುಡುಗಿ! ಇಳೀಬೇಕಲ್ಲ? ಕಾರು ಏರ್ತಿದೆ!"

"ಏರದೆ ಇಳಿಯೋ ದಾರಿ ನಮ್ಮ ಬೆಟ್ಟದಲ್ಲಿಲ್ಲ ದೊರೆ."

ಮೂತಿ ಇನ್ನೂ ಒತ್ತಿತು. "ಸುಳ್ಳಾದರೆ ನಿನ್ನ ಹೆಬ್ಬೆಟ್ಟೂ ಹಾಗೇ ತಗೋತೀನಿ!"

ಅಷ್ಟರಲ್ಲಿ ರೇಡಿಯೇಟರ್ ಕುದಿಯಿತು. ಬುಸ್ಸೆಂದು ಹಬೆ. ಕಾರು ನಿಂತಿತು.

ಮಂಜಿನಾಚೆ ಕೊಳಲು... ತಮಟೆ... ಹೆಜ್ಜೆ ಸದ್ದು.

"ಮದುವೆಯಾ?"

"ಕುಣೀತಿದ್ದಾರಲ್ಲ ದೊರೆ... ಕೇಳಿದರೆ ನೀರು ಕೊಡದೇ ಇರ್ತಾರಾ?"

ರಿವಾಲ್ವರ್ ಜೇಬು ಸೇರಿತು. ಮದುವೆಮನೆಗೆ ಅದನ್ನು ಹಿಡಿದು ಹೋಗೋದುಂಟೇ? ಕೂದಲು ತೀಡಿಕೊಂಡು ಹೊರಟ.

ಬಯಲುಸೀಮೆಯವನು. ನಾವು ಸಾವಿಗೂ ಕುಣಿಯುತ್ತೇವೆ ಅಂತ ಅವನಿಗೆ ಯಾರು ಹೇಳಬೇಕು?

ಬಣ್ಣದ ಬಟ್ಟೆಯ ಚಪ್ಪರ. ಅದರಡಿ ಮಂಚ. ಮಂಚದ ಮೇಲೆ ಅಜ್ಜ.

ಕೊಳಲು ನಿಂತಿತು. ಐವತ್ತು ಬಿಳಿ ಮುಂಡಾಸು ಒಟ್ಟಿಗೆ ತಿರುಗಿದವು. ಅವನ ಕೈ ಜೇಬಿಗಿಳಿಯಿತು... ಅದರ ಮೇಲೆ ಇನ್ನೂ ನಾಲ್ಕು ಕೈ. ಲಟ್ಟೆಂದಿತು ಮೂಳೆ!

ಹೆತ್ತೆ ಎದ್ದು ಬಂದಳು. ಕೋಟಿನಿಂದ ಪತ್ರ ಎಳೆದಳು. ಓದು ಬಾರದವಳು. ಅಜ್ಜನ ಹೆಬ್ಬೆರಳೆತ್ತಿ ಗುರುತಿನ ಪಕ್ಕ ಹಿಡಿದಳು. ಮಸಿ ಇನ್ನೂ ಹಾಗೇ ಇತ್ತು. ಅವನತ್ತ ತಿರುಗಿದಳು.

"ಮೈಯೆಲ್ಲ ತೊಳೆದೆ ಮಗಾ. ಇದೊಂದು ಬೆರಳು ನಿನಗೋಸ್ಕರ ಉಳಿಸಿದೆ."

"ವಿಮಾನ... ಬೆಳಗ್ಗೆ ನನ್ನ ವಿಮಾನ..." ಅವನು ಗಡಿಯಾರ ನೋಡಿಕೊಂಡು ಅಳುತ್ತಿದ್ದ!

"ಪೊಲೀಸರನ್ನ ಕರೀಲಾ ಹೆತ್ತೆ? ಕಾರಿಗೆ ನೀರು ಹಾಕಿದರೆ ಅರ್ಧ ಗಂಟೆ ಸಾಕು."

"ಊಟಿ ಎಷ್ಟು ದೂರ?"

"ಏಳು ಮೈಲಿ."

ಹೆತ್ತೆ ನನ್ನ ಕೆನ್ನೆ ಸವರಿದಳು. "ನಾನು ಹೇಳಿದ ಕೆಲಸ ನೀನು ಮುಗಿಸಿದೆ ಕೂಸೇ. ಕಾರು ಬೇಡ. ನಡೆದೇ ಹೋಗು."

ಬೆನ್ನ ಹಿಂದೆ ಕೊಳಲು ಮತ್ತೆ ಶುರುವಾಯಿತು... ಈ ಸಲ ಇನ್ನೂ ಜೋರಾಗಿ.

ಏಳು ಮೈಲಿ. ಐದು ಗಂಟೆ ತಗೊಂಡೆ.